ಎಂಪಿ3 ಮಾಡಿದರೆ ಖಯಾಲ್ ಕೆಡುತ್ತದೆಯೇ?

ಹಿಂದೂಸ್ತಾನಿ ಗಾಯನದ ಒಂದು ತಾಸಿನ ಖಯಾಲನ್ನು ಎಂಪಿ3 (ಕುಗ್ಗಿಸಿದ ಧ್ವನಿ ಕಡತ) ಮಾಡಿದರೆ ಏನು ಕಳೆದುಹೋಗುತ್ತದೆ ಎಂದು ಕೇಳಿದ್ದೀರಿ. ಸಿಡಿಯಲ್ಲಿ ಅದು 600 ಎಂಬಿಗೂ ಮೇಲೆ. 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3ಯಲ್ಲಿ 60ರ ಒಳಗೆ. ಜೋರು ದನಿಯ ಮರೆಯಲ್ಲಿ ಕಿವಿಗೆ ಬೀಳದ ಸಣ್ಣ ದನಿಗಳನ್ನು ಬಿಟ್ಟುಬಿಡುವುದೇ ಇದರ ಗುಟ್ಟು. ಹಾಡುವವರ ದನಿಗೆ ಅಷ್ಟೇನೂ ಧಕ್ಕೆಯಿಲ್ಲ. ಪೆಟ್ಟು ಬೀಳುವುದು ತಂಬೂರಿಗೆ, ಜವಾರಿಯ, ಅಂದರೆ ತಂತಿಗಳು ಕುದುರೆಯ ಮೇಲೆ ಸವರಿ ಹುಟ್ಟಿಸುವ, ಆ ಝೇಂಕಾರ ತುಸು ಮಸುಕಾಗುತ್ತದೆ. ಧಾರವಾಡದ ನಮ್ಮ ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಎರಡನ್ನೂ ಹೋಲಿಸಿ ನೋಡಿದ್ದೇನೆ. (ಫೋನಿನ ಸ್ಪೀಕರಿನಲ್ಲಿ ಮಾತ್ರ, ದೇವರಾಣೆ, ಫರಕು ಗೊತ್ತಾಗಲಿಲ್ಲ.)

ನನ್ನ ಮಟ್ಟಿಗೆ ದೊಡ್ಡ ಬದಲಾವಣೆ ಅವಧಿಯದು. 1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ಲರು ಹಾಡಿದ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು) ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ 3 ನಿಮಿಷ ಚಿಲ್ಲರೆ, ರಾಗ ಅಷ್ಟರಲ್ಲೇ ಮುಗಿಯಬೇಕು. ಈಗ ಹುಬ್ಬಳ್ಳಿಯ ಬೈಠಕ್ (ಸಣ್ಣ ಸಂಗೀತ ಕೂಟ) ಇಡಿಯಾಗಿ ಯೂಟ್ಯೂಬಿಗೆ ಏರಿಸಬಹುದು. ಆದರೂ ನನ್ನ ವಾಟ್ಸಾಪಿಗೆ ಬರುವುದು ವೇಗದ ಸ್ವರಗಳ ಸರಣಿಯಾದ ತಾನಿನ 30 ಸೆಕೆಂಡಿನ ತುಣುಕೇ!