ಮದುವೆ ಕೂಡಿಬರಲು ಆಓಶಿಮಾ ದೇಗುಲಕ್ಕೆ ಹೋಗಬೇಕಾ, ಇಜುಮೊಗಾ?

ಮನೆಯಲ್ಲಿ ಮದುವೆಯ ಒತ್ತಾಯ, ನೀವಿರುವುದು ಜಪಾನಿನಲ್ಲಿ, ರಜೆ ಇರುವುದು ಒಂದೇ ಕಡೆ ಹೋಗುವಷ್ಟು. ಮದುವೆ ಕೂಡಿಸುವುದಕ್ಕೆ ಹೆಸರಾದ ಈ ಎರಡು ಜಪಾನಿ ದೇಗುಲಗಳಲ್ಲಿ ಯಾವುದರ ಶಕ್ತಿ ಜಾಸ್ತಿ ಅಂತ ಕೇಳಿದ್ದೀರಿ. ಫುಕುಒಕಾದಲ್ಲಿ ಕೆಲಸದಲ್ಲಿದ್ದಾಗ ನಾನೂ ಇದೇ ಲೆಕ್ಕ ಹಾಕುತ್ತಿದ್ದೆ.

ಆಗಷ್ಟೇ ನನ್ನ ಸಂಬಂಧವೊಂದು ಮುರಿದುಬಿದ್ದಿತ್ತು. ಜಾತಕ ಕೂಡಿತ್ತು, ಮಾತುಕತೆ ಮುಗಿದಿತ್ತು. ಹುಡುಗ ಕೇಳಿಕೊಂಡಿದ್ದು ಒಂದೇ: "ಮನೆಯದೊಂದು ವಿಷಯ ಇದೆ, ನಾನಾಗಿ ಹೇಳುತ್ತೇನೆ, ಅಲ್ಲಿಯವರೆಗೆ ಕೆದಕಬೇಡ." ಹೂಂ ಅಂದಿದ್ದೆ. ಅಂದವಳು ಅವನ ಹಳೆಯ ಸಹೋದ್ಯೋಗಿಯೊಬ್ಬರನ್ನು ಹುಡುಕಿ ವಿಚಾರಿಸಿದೆ. ನಮ್ಮ ಕಡೆ ಹುಡುಗನ ಬಗ್ಗೆ ನಾಲ್ಕು ಕಡೆ ವಿಚಾರಿಸುವುದು ರೂಢಿ, ಅದರಲ್ಲಿ ತಪ್ಪಿಲ್ಲ. ಹೂಂ ಅನ್ನುವ ಮೊದಲೇ ಕೇಳಿದ್ದರೆ ಅವನೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಅಥವಾ "ನನಗೆ ತಡೆಯಲಾಗುತ್ತಿಲ್ಲ, ಈಗಲೇ ಹೇಳು" ಅಂತ ಅವನನ್ನೇ ಕೇಳಬಹುದಿತ್ತು. ಅದೂ ಮಾಡಲಿಲ್ಲ. ವಿಷಯ ಅವನ ತಂದೆಯ ಸಾಲ, ಅಷ್ಟೇ. ಗೊತ್ತಾದ ಮೇಲೂ ಏನೂ ಗೊತ್ತಿಲ್ಲದವಳ ಹಾಗೆ ಅವನ ಜೊತೆ ದಿನಾ ಮಾತಾಡಿದೆ. ಅವನನ್ನು ಹೆಚ್ಚು ನೋಯಿಸಿದ್ದು ಅದೇ. ನಾನು ವಿಚಾರಿಸಿದ್ದು ಅವನಿಗೆ ತಿಳಿದ ದಿನ ಫೋನ್ ಮಾಡಿ, "ನಾನೇ ಹೇಳುವವನಿದ್ದೆ" ಅಂದ. ಮತ್ತೆ ಮಾತಾಡಲಿಲ್ಲ.

ಅಮ್ಮ, "ಅಲ್ಲಿಯ ದೇವರಿಗಾದರೂ ಒಂದು ಹರಕೆ ಹೊತ್ತುಕೊ" ಅಂದಳು. ಜೊತೆಗೆ ಕೆಲಸ ಮಾಡುವ ಜಪಾನಿ ಹೆಂಗಸೊಬ್ಬರು ಮಿಯಾಜಾಕಿಯ ಆಓಶಿಮಾಗೆ ಕರೆದುಕೊಂಡು ಹೋದರು. ಸುತ್ತಳತೆ ಸುಮಾರು 1.5 ಕಿಲೋಮೀಟರಿನ ಪುಟ್ಟ ದ್ವೀಪ, ಸೇತುವೆಯ ಮೇಲೆ ನಡೆದೇ ದಾಟಬಹುದು. ಸುತ್ತ ರಾಕ್ಷಸನ ಬಟ್ಟೆ ಒಗೆಯುವ ಹಲಗೆ ಎಂದು ಕರೆಯುವ ಬಂಡೆಸಾಲು. ಮೆದು ಪದರಗಳನ್ನು ಅಲೆ ತಿಂದುಹಾಕಿ ಗಟ್ಟಿ ಮರಳುಗಲ್ಲು ಏಣಿನಂತೆ ಉಳಿದಿದೆ. 1737ರವರೆಗೆ ಸಾಮಾನ್ಯ ಜನ ಇಲ್ಲಿ ಕಾಲಿಡುವಂತಿರಲಿಲ್ಲವಂತೆ.

ಇಲ್ಲಿ ಪೂಜೆಗೊಳ್ಳುವ ದಂಪತಿಯ ಕಥೆಯನ್ನು ಅವರು ಸೇತುವೆಯ ಮೇಲೆ ಹೇಳಿದರು. ಅಣ್ಣನ ಮೀನುಗಾಳ ಕಳೆದ ಯಾಮಾಸಾಚಿ ಅದನ್ನು ಹುಡುಕುತ್ತಾ ಕಡಲ ದೇವರ ಅರಮನೆಗೆ ಹೋಗುತ್ತಾನೆ, ಆ ದೇವರ ಮಗಳು ತೊಯೊತಾಮಾಳನ್ನು ಮದುವೆಯಾಗುತ್ತಾನೆ. ಹೆರಿಗೆಯ ಹೊತ್ತಿಗೆ ಅವಳು ಕೇಳಿಕೊಳ್ಳುತ್ತಾಳೆ: ನೋಡಬೇಡ. ಅವನು ಇಣುಕುತ್ತಾನೆ. ಒಳಗೆ ಮೊಸಳೆಯಂಥ ದೈತ್ಯ ಜಲಚರ ಹೊರಳಾಡುತ್ತಿರುತ್ತದೆ. ನಾಚಿಕೊಂಡ ಅವಳು ಮಗುವನ್ನು ಬಿಟ್ಟು ಕಡಲಿಗೆ ಮರಳುತ್ತಾಳೆ. ನಾನು ಅಲ್ಲೇ ನಿಂತು ಅತ್ತೆ. ಯಾಕೆಂದು ಅವರು ಕೇಳಲಿಲ್ಲ, ಕಾದರು. ಆ ಹೆರಿಗೆ ನಡೆದದ್ದೆಂದು ನಂಬುವ ಉಡೊ ದೇಗುಲ ಅದೇ ಕರಾವಳಿಯಲ್ಲಿ ದಕ್ಷಿಣಕ್ಕೆ, ಕಡಲಿಗೆ ಬಾಯ್ದೆರೆದ ಗುಹೆಯೊಳಗಿದೆ. ಹೊರಡುವ ಮುನ್ನ ಆ ತಾಯಿ ಮಗುವಿಗಾಗಿ ತನ್ನ ಮೊಲೆಗಳನ್ನೇ ಬಿಟ್ಟುಹೋದಳೆಂದು ಅಲ್ಲಿಯ ಬಂಡೆಯೊಂದನ್ನು ತೋರಿಸುತ್ತಾರೆ.

ಹಾಗಾಗಿ ಯಾವುದರ ಶಕ್ತಿ ಜಾಸ್ತಿ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಸಂಸಾರ ಮುರಿದ ದಂಪತಿಯ ಮುಂದೆ ನಿಂತು ಮದುವೆಗೆ ಖಾತರಿ ಕೊಡಿ ಅನ್ನಲು ನನಗೆ ಬಾಯಿ ಬರಲಿಲ್ಲ. ಕೊಟ್ಟ ಮಾತು ಉಳಿಸಿಕೊಳ್ಳುವ ಬುದ್ಧಿ ಕೊಡು ಅಂತ ಬೇಡಿಕೊಂಡೆ. ಆಮೇಲೆ ಮದುವೆ ಆಯಿತು, ಬೇರೆಯವರ ಜೊತೆ. ಅದನ್ನು ದ್ವೀಪದ ಲೆಕ್ಕಕ್ಕೆ ನಾನು ಬರೆಯುವುದಿಲ್ಲ.

ಇಜುಮೊ ದೊಡ್ಡದು. ಹಳೆಯ ಪಂಚಾಂಗದ ಹತ್ತನೇ ತಿಂಗಳಲ್ಲಿ ನಾಡಿನ ದೇವರೆಲ್ಲ ಅಲ್ಲಿ ಸೇರಿ ಯಾರಿಗೆ ಯಾರು ಎಂದು ತೀರ್ಮಾನಿಸುತ್ತಾರೆಂಬ ನಂಬಿಕೆಯಿದೆ, ಜನಜಂಗುಳಿಯೂ ಹಾಗೇ ಇರುತ್ತದೆ. ಮನಸ್ಸಿನಲ್ಲಿ ಏನಾದರೂ ಕೊರೆಯುತ್ತಿದ್ದರೆ ಆಓಶಿಮಾಗೇ ಹೋಗಿ. ಮುಖ್ಯ ಗುಡಿಯಲ್ಲೇ ನಿಲ್ಲದೆ, ತಾಳೆಜಾತಿಯ ಬಿರೋ ಮರಗಳ ತೋಪಿನೊಳಗಿನ ಮೊತೊಮಿಯಾ, ಅಂದರೆ ಮೂಲ ಗುಡಿಯವರೆಗೂ ನಡೆಯಿರಿ. ಬಣ್ಣದ ಕಾಗದದ ಎಳೆ ಕಟ್ಟುವುದು ಅಲ್ಲೇ, ಪ್ರೀತಿಗೆ ಗುಲಾಬಿ ಬಣ್ಣದ್ದು. ದಡದಲ್ಲಿ ಆರಿಸಿದ ಚಿಪ್ಪನ್ನೂ ಅಲ್ಲೇ ಅರ್ಪಿಸುತ್ತಾರೆ. ಕಡಲಿನ ಉಬ್ಬರದಲ್ಲಿ ಬಂಡೆಗಳು ಮುಳುಗಿರುತ್ತವೆ, ಇಳಿತದ ಸಮಯ ನೋಡಿಕೊಂಡು ಹೊರಡಿ. ಮಿಯಾಜಾಕಿ ನಿಲ್ದಾಣದಿಂದ ನಿಚಿನಾನ್ ಮಾರ್ಗದಲ್ಲಿ ಅರ್ಧ ಗಂಟೆಯ ದಾರಿ, ಆದರೆ ರೈಲುಗಳು ಕಡಿಮೆ. ವಾಪಸಿನ ರೈಲು ಎಷ್ಟೊತ್ತಿಗೆ ಅಂತ ಇಳಿದ ಕೂಡಲೇ ನೋಡಿಟ್ಟುಕೊಳ್ಳಿ.