ಯುದ್ಧ ಬೇಡ ಅಂದರೆ ಹೇಡಿತನವಾ?

ಪ್ರಶ್ನೆ: ನನಗೆ 20 ವರ್ಷ. ಯಾವ ಯುದ್ಧವೂ ಸರಿಯಲ್ಲ ಅನ್ನೋದು ನನ್ನ ನಂಬಿಕೆ. ಹಾಗಂದ ಕೂಡಲೇ ಸ್ನೇಹಿತರು ‘ನಿನ್ನ ಮನೆಗೇ ನುಗ್ಗಿದರೆ ಕೈಕಟ್ಟಿ ಕೂರ್ತೀಯಾ, ಹೇಡಿ’ ಅಂತ ನಗುತ್ತಾರೆ. ಅಪ್ಪ ‘ವಯಸ್ಸಿನ ಹುಚ್ಚು, ಇಳಿಯುತ್ತೆ ಬಿಡು’ ಅನ್ನುತ್ತಾರೆ. ಉಪ್ಪಿನ ಸತ್ಯಾಗ್ರಹ, ಅಮೆರಿಕದ ಕಪ್ಪು ಜನರ ಹೋರಾಟ, ವಿಯೆಟ್ನಾಂ ಯುದ್ಧದ ವಿರುದ್ಧ ನಡೆದ ಮೆರವಣಿಗೆಗಳ ಫೋಟೊ ನೋಡಿದಾಗೆಲ್ಲ ಆ ಕಾಲದಲ್ಲೇ ಹುಟ್ಟಬೇಕಿತ್ತು ಅನಿಸುತ್ತದೆ. ಈಗ ಅಂಥ ಜನ ಎಲ್ಲಿದ್ದಾರೆ? ನಾನು ಎಲ್ಲಿಂದ ಶುರು ಮಾಡಲಿ?
— ಹೆಸರು ಬೇಡ

ಉತ್ತರ: ಹೇಡಿತನದ ಮಾತನ್ನು ಮೊದಲು ಮುಗಿಸಿಬಿಡೋಣ. 1930ರ ಮೇ 21ರಂದು ಗುಜರಾತಿನ ಧರಾಸಣದಲ್ಲಿ ಸತ್ಯಾಗ್ರಹಿಗಳು ಸಾಲುಸಾಲಾಗಿ ಉಪ್ಪಿನ ಕಾರ್ಖಾನೆಯತ್ತ ನಡೆದರು. ಪೊಲೀಸರು ತಲೆಗೇ ಲಾಠಿ ಬೀಸಿದರು, ಏಟು ತಡೆಯೋಕೂ ಯಾರೂ ಕೈ ಎತ್ತಲಿಲ್ಲ, ಒಂದು ಸಾಲು ಬಿದ್ದ ಮೇಲೆ ಇನ್ನೊಂದು ಸಾಲು ಎದ್ದು ಹೊರಟಿತು. ಮುಂದಿನವರಿಗೆ ಏನಾಯ್ತು ಅಂತ ಕಣ್ಣಾರೆ ನೋಡಿದ ಮೇಲೂ ಹೆಜ್ಜೆ ಇಟ್ಟವರು ಅವರು. ಅಮೆರಿಕದ ಬಾಕ್ಸರ್ ಮೊಹಮ್ಮದ್ ಅಲಿ 1967ರಲ್ಲಿ ವಿಯೆಟ್ನಾಂ ಯುದ್ಧಕ್ಕಾಗಿ ಸೈನ್ಯ ಸೇರಲು ಒಪ್ಪದೆ ವಿಶ್ವ ಚಾಂಪಿಯನ್ ಪಟ್ಟವನ್ನೇ ಕಳೆದುಕೊಂಡರು. ಮೂರು ವರ್ಷಕ್ಕೂ ಜಾಸ್ತಿ ಕಾಲ ರಿಂಗ್‌ಗೆ ಇಳಿಯೋಕೆ ಆಗಲಿಲ್ಲ, ಶಿಕ್ಷೆ ರದ್ದಾಗಿದ್ದು 1971ರಲ್ಲಿ. ಇವರನ್ನೆಲ್ಲ ಹೇಡಿ ಅನ್ನೋಕೆ ನಿಮ್ಮ ಸ್ನೇಹಿತರಿಗೂ ಬಾಯಿ ಬರಲಿಕ್ಕಿಲ್ಲ.

ಆದರೆ ಅವರ ಪ್ರಶ್ನೆಯನ್ನು ತಳ್ಳಿಹಾಕಬೇಡಿ. ಮನೆಗೆ ನುಗ್ಗಿದವನನ್ನು ತಡೆಯೋದು ಬೇರೆ, ಸರ್ಕಾರವೊಂದು ತಿಂಗಳುಗಟ್ಟಲೆ ಲೆಕ್ಕ ಹಾಕಿ ಬೇರೆಯವರ ಮಕ್ಕಳನ್ನು ಗಡಿಗೆ ಕಳಿಸೋದು ಬೇರೆ, ಇಷ್ಟನ್ನು ಧೈರ್ಯವಾಗಿ ಹೇಳಬಹುದು. ಅದರ ಹಿಂದೆ ಇನ್ನೊಂದು ಕಷ್ಟದ ಪ್ರಶ್ನೆ ಇದೆ: ಹಿಟ್ಲರ್ ಎದುರು ಏನು ಮಾಡುತ್ತಿದ್ದಿರಿ? ಸೈನ್ಯಕ್ಕೆ ಸೇರಬೇಡಿ ಅಂತ ಯುವಕರಿಗೆ ಹೇಳುತ್ತಿದ್ದ ಐನ್‌ಸ್ಟೈನ್ 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಆ ನಿಲುವು ಬದಲಿಸಿದರು. ಮೊದಲ ಮಹಾಯುದ್ಧ ವಿರೋಧಿಸಿ ಜೈಲು ಕಂಡಿದ್ದ ಬ್ರಿಟನ್ನಿನ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಎರಡನೆಯ ಯುದ್ಧವನ್ನು ಬೆಂಬಲಿಸಿದರು. ಅದೇ ಯುದ್ಧಕ್ಕೆ ಹೋಗಲ್ಲ ಅಂತ ಜೈಲಿಗೆ ಹೋದವರು ಅಮೆರಿಕದ ಬೇಯರ್ಡ್ ರಸ್ಟಿನ್. ಮೂವರೂ ಪ್ರಾಮಾಣಿಕರೇ. ಎಂದೆಂದೂ ಆಯುಧ ಹಿಡಿಯಲ್ಲ ಅನ್ನೋದು ಒಂದು ನಿಲುವು, ಈ ಯುದ್ಧಕ್ಕೆ ಕೊಡುತ್ತಿರೋ ಕಾರಣ ಸುಳ್ಳು ಅನ್ನೋದು ಇನ್ನೊಂದು. ನಿಮ್ಮದು ಯಾವುದು ಅಂತ ನಿಧಾನಕ್ಕೆ ಯೋಚಿಸಿ. ಇಪ್ಪತ್ತಕ್ಕೇ ಎಲ್ಲ ಯುದ್ಧಗಳಿಗೂ ಉತ್ತರ ಕೊಡಬೇಕು ಅಂತ ಯಾವ ನಿಯಮವೂ ಇಲ್ಲ.

ಇನ್ನು ಆ ಫೋಟೊಗಳ ವಿಷಯ. ನನಗೂ ಅವು ತುಂಬಾ ಇಷ್ಟ. ಆದರೆ ಫೋಟೊದಲ್ಲಿ ಇರೋದು ಆ ಒಂದು ಗಳಿಗೆ ಮಾತ್ರ, ಅದರ ಹಿಂದಿನ ತಿಂಗಳುಗಳ ದುಡಿಮೆ ಅದರಲ್ಲಿ ಕಾಣೋದಿಲ್ಲ.

ಅಮೆರಿಕದ ನ್ಯಾಶ್‌ವಿಲ್ ನಗರದ ಕಥೆಯನ್ನೇ ತಗೊಳ್ಳಿ. ಅಲ್ಲಿನ ಅಂಗಡಿಗಳಲ್ಲಿ ಕಪ್ಪು ಜನ ಸಾಮಾನು ಕೊಳ್ಳಬಹುದಿತ್ತು, ಅದೇ ಅಂಗಡಿಯ ಊಟದ ಕೌಂಟರಿನಲ್ಲಿ ಕೂರುವಂತಿರಲಿಲ್ಲ. ಜೇಮ್ಸ್ ಲಾಸನ್ ಅಂತ ಒಬ್ಬರು, ಕೊರಿಯಾ ಯುದ್ಧದ ಕಾಲದಲ್ಲಿ ಸೈನ್ಯ ಸೇರಲು ಒಪ್ಪದೆ ಜೈಲು ಕಂಡವರು, ಆಮೇಲೆ ನಾಗಪುರದಲ್ಲಿದ್ದು ಗಾಂಧಿಯ ದಾರಿಯನ್ನು ಕಲಿತವರು, 1959ರಲ್ಲಿ ಅಲ್ಲಿನ ಕಾಲೇಜು ಹುಡುಗ ಹುಡುಗಿಯರಿಗೆ ಚರ್ಚೊಂದರಲ್ಲಿ ತರಬೇತಿ ಶುರು ಮಾಡಿದರು. ಕುರ್ಚಿ ಸಾಲಾಗಿ ಇಡೋದು. ಕೆಲವರು ಅದರಲ್ಲಿ ಕೂರೋದು, ಉಳಿದವರು ಅವರನ್ನು ಬೈಯೋದು, ಕೂದಲು ಹಿಡಿದು ಎಳೆಯೋದು, ಮುಖಕ್ಕೆ ಸಿಗರೇಟಿನ ಹೊಗೆ ಬಿಡೋದು, ಕುರ್ಚಿಯಿಂದ ಕೆಡವೋದು. ಬಿದ್ದವರು ಸಿಟ್ಟಾಗಬಾರದು, ತಿರುಗಿ ಬೈಯಬಾರದು. ಆಮೇಲೆ ಪಾತ್ರ ಅದಲುಬದಲು. ಇದೇ ಅಭ್ಯಾಸ ಮತ್ತೆ ಮತ್ತೆ.

1960ರ ಫೆಬ್ರವರಿಯಲ್ಲಿ ಅವರು ನಿಜವಾಗಿ ಕೌಂಟರಿಗೆ ಹೋಗಿ ಕೂತಾಗ ಆಗಿದ್ದೂ ಅದೇ. ಇಂಥ ಅಭ್ಯಾಸ ಇಲ್ಲದ ಹುಡುಗರಾಗಿದ್ದರೆ ಹೊಡೆದಾಟ ಆಗಿ ಒಂದೇ ದಿನಕ್ಕೆ ಮುಗಿದುಹೋಗುತ್ತಿತ್ತೇನೋ. ಇವರು ನೆಟ್ಟಗೆ ಕೂತರು, ಪೊಲೀಸರು ಒಂದು ಗುಂಪನ್ನು ಎಳೆದೊಯ್ದರೆ ಇನ್ನೊಂದು ಗುಂಪು ಬಂದು ಅದೇ ಸ್ಟೂಲಿನಲ್ಲಿ ಕೂತಿತು. ಏಪ್ರಿಲ್‌ನಲ್ಲಿ ಅವರ ವಕೀಲರ ಮನೆಗೆ ಬಾಂಬ್ ಬಿತ್ತು. ಅವತ್ತೇ ಸಾವಿರಾರು ಜನ ಒಂದು ಘೋಷಣೆಯೂ ಇಲ್ಲದೆ ನಗರಸಭೆಗೆ ನಡೆದರು. ಅಲ್ಲಿನ ಮೆಟ್ಟಿಲ ಮೇಲೆ ಡಯಾನ್ ನ್ಯಾಶ್ ಅನ್ನೋ ವಿದ್ಯಾರ್ಥಿನಿ ಮೇಯರ್‌ನನ್ನು ನೇರವಾಗಿ ಕೇಳಿದಳು: ಬರೀ ಬಣ್ಣ ನೋಡಿ ಭೇದ ಮಾಡೋದು ತಪ್ಪಲ್ವಾ? ಮೇಯರ್ ತಪ್ಪು ಅಂತ ಒಪ್ಪಿಕೊಂಡರು. ಮೇ 10ಕ್ಕೆ ಕೌಂಟರುಗಳು ಎಲ್ಲರಿಗೂ ತೆರೆದವು. ಆಗ ಡಯಾನ್‌ಗೆ 21 ವರ್ಷ.

ಮೇಲೆ ಹೇಳಿದ ರಸ್ಟಿನ್, ಕಪ್ಪು ಜನರ ಹಕ್ಕಿಗಾಗಿ ನಡೆದ 1963ರ ವಾಷಿಂಗ್ಟನ್ ಮೆರವಣಿಗೆಯ ಏರ್ಪಾಡು ಹೊತ್ತವರು. ಸುಮಾರು ಎರಡೂವರೆ ಲಕ್ಷ ಜನ ಸೇರಿದರು. ಬಸ್ಸು, ಕುಡಿಯುವ ನೀರು, ಶೌಚಾಲಯ ಎಲ್ಲದರ ತಲೆನೋವು ಅವರದು, ಆಗಸ್ಟಿನ ಬಿಸಿಲಿಗೆ ಕೆಡುತ್ತೆ ಅಂತ ಸ್ಯಾಂಡ್‌ವಿಚ್‌ಗೆ ಮೇಯನೇಸ್ ಹಚ್ಚಬೇಡಿ ಅನ್ನೋವರೆಗೆ ಸೂಚನೆ ಹೋಗಿತ್ತು. ನನಗೆ ಅವತ್ತು ಮಾರ್ಟಿನ್ ಲೂಥರ್ ಕಿಂಗ್ ಮಾಡಿದ ಭಾಷಣದಷ್ಟೇ ಇದೂ ದೊಡ್ಡದು ಅನಿಸುತ್ತದೆ.

ಹಾಗಾಗಿ ಹಳೇ ಕಾಲದಲ್ಲಿ ಹುಟ್ಟಬೇಕಿತ್ತು ಅನ್ನೋದನ್ನು ಬಿಟ್ಟುಬಿಡಿ. ಆಗಲೂ ಹೆಚ್ಚಿನ ಜನ ಅವರ ಕಡೆ ಇರಲಿಲ್ಲ. 1966ರ ಗ್ಯಾಲಪ್ ಸಮೀಕ್ಷೆಯಲ್ಲಿ 63% ಅಮೆರಿಕನ್ನರು ಮಾರ್ಟಿನ್ ಲೂಥರ್ ಕಿಂಗ್ ಬಗ್ಗೆ ಒಳ್ಳೇ ಅಭಿಪ್ರಾಯ ಇಲ್ಲ ಅಂದಿದ್ದರು. ಈಗ ಅಂಥ ಜನ ಎಲ್ಲಿದ್ದಾರೆ ಅಂತ ಕೇಳಿದಿರಲ್ಲ, ಆಗಲೂ ಹೀಗೇ ಕೇಳುತ್ತಿದ್ದವರು ಇದ್ದೇ ಇದ್ದರು.

ಶುರು ಮಾಡೋಕೆ ‘ಜಗತ್ತಿನ ಶಾಂತಿ’ ತುಂಬಾ ದೊಡ್ಡದು. ಒಂದು ಯುದ್ಧ, ಒಂದು ಕಾನೂನು, ಅಥವಾ ನಿರಾಶ್ರಿತರ ಒಂದು ಸಮಸ್ಯೆ ಹಿಡಿದು ಅದನ್ನು ಚೆನ್ನಾಗಿ ಓದಿಕೊಳ್ಳಿ. ಆಗಲೇ ಅದರಲ್ಲಿ ತೊಡಗಿರೋ ನಾಲ್ಕೈದು ಜನರನ್ನು ಹುಡುಕಿ. ಹೋದ ತಕ್ಷಣ ಮೈಕ್ ಕೇಳಬೇಡಿ, ಅನುವಾದ, ಲೆಕ್ಕಪತ್ರ, ಸಭೆಗೆ ಜನರನ್ನು ಕರೆಯೋದು, ಯಾವುದಾದರೂ ಒಂದು ಕೆಲಸವನ್ನು ಪೂರ್ತಿ ನಿಮ್ಮದು ಮಾಡಿಕೊಳ್ಳಿ.

ಅಪ್ಪನ ಜೊತೆ ವಾದ ಗೆಲ್ಲೋಕೆ ಹೋಗಬೇಡಿ. ನಿಮ್ಮ ವಯಸ್ಸಿನಲ್ಲಿ ಅವರು ಯಾವ ಯುದ್ಧದ ಸುದ್ದಿ ಕೇಳುತ್ತಿದ್ದರು, ಆಗ ಮನೆಯಲ್ಲಿ ಏನು ಮಾತಾಡುತ್ತಿದ್ದರು ಅಂತ ಕೇಳಿ, ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಳ್ಳಿ. ಆಮೇಲೆ ನಿಮ್ಮ ಮಾತು ಹೇಳಿ.