ಪ್ರದರ್ಶನಕ್ಕಿಟ್ಟ ಪುಸ್ತಕಗಳನ್ನು ಎರವಲು ಕೊಡಬಹುದೇ?

ನಮಸ್ಕಾರ. ಕಾಲೇಜು ಗ್ರಂಥಾಲಯದಲ್ಲಿ ವಿಷಯಾಧಾರಿತ ಪ್ರದರ್ಶನ ನಡೆಯುವಾಗ ಅಲ್ಲಿನ ಪುಸ್ತಕಗಳನ್ನು ವಿದ್ಯಾರ್ಥಿಗಳಿಗೆ ಎರವಲು ಕೊಡಬೇಕೇ, ಅಥವಾ ಪ್ರದರ್ಶನ ಮುಗಿಯುವವರೆಗೆ ತಡೆಹಿಡಿಯಬೇಕೇ ಎಂದು ತಾವು ಕೇಳಿದ್ದೀರಿ.

ಕೊಡಲೇಬೇಕು ಎಂಬುದು ನನ್ನ ಅಭಿಪ್ರಾಯ. ಭಾರತದ ಗ್ರಂಥಾಲಯ ತಜ್ಞ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕಗಳು ಬಳಕೆಗಾಗಿ ಇವೆ ಎನ್ನುತ್ತದೆ. ಪ್ರದರ್ಶನದ ಮೇಜು ಖಾಲಿಯಾಗುತ್ತದೆಂಬ ಅಂಜಿಕೆಯಿಂದ ಓದುಗನನ್ನು ಬರಿಗೈಯಲ್ಲಿ ಕಳಿಸುವುದು ಸರಿಯಲ್ಲ. ತೆರವಾದ ಜಾಗವನ್ನು ತುಂಬಲು ಅದೇ ವಿಷಯದ ಕೆಲವು ಪುಸ್ತಕಗಳನ್ನು ಮೊದಲೇ ಆರಿಸಿಟ್ಟುಕೊಂಡರೆ ಸಾಕು.

ಆದರೆ ಒಂದು ಕೆಲಸವನ್ನು ಮರೆಯಬಾರದು. ಪುಸ್ತಕವನ್ನು ಕಪಾಟಿನಿಂದ ತೆಗೆದ ದಿನವೇ ಗಣಕೀಕೃತ ಸೂಚಿಯಲ್ಲಿ ಅದರ ಸ್ಥಳವನ್ನು ತಾತ್ಕಾಲಿಕವಾಗಿ 'ಪ್ರದರ್ಶನ' ಎಂದು ಬದಲಾಯಿಸಬೇಕು; ಇಲ್ಲವಾದರೆ ಸೂಚಿಯನ್ನು ನಂಬಿ ಕಪಾಟಿಗೆ ಹೋದವರು ಪುಸ್ತಕ ಕಳೆದುಹೋಗಿದೆ ಎಂದೇ ಭಾವಿಸುತ್ತಾರೆ. ಇ-ಪುಸ್ತಕಗಳೂ ಇದ್ದರೆ ಅವುಗಳ ಕ್ಯೂಆರ್ ಕೋಡ್ ಅನ್ನು ಮೇಜಿನ ಮೇಲೆ ಅಂಟಿಸಿ.

ಅಪರೂಪದ ಹಳೆಯ ಪ್ರತಿಗಳ ಮಾತು ಬೇರೆ. ಬೆಳಕಿನಿಂದ ಕಾಗದಕ್ಕೂ ಶಾಯಿಗೂ ಆಗುವ ಹಾನಿ ಕೂಡುತ್ತಾ ಹೋಗುವಂಥದ್ದು, ಮತ್ತೆ ಸರಿಪಡಿಸಲಾಗದ್ದು. ಆದ್ದರಿಂದ ಅವುಗಳ ಮೇಲೆ ಬೀಳುವ ಬೆಳಕು ಸುಮಾರು 50 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಮೀರದಂತೆ ನೋಡಿಕೊಂಡು, ಬೀಗವಿರುವ ಗಾಜಿನ ಪೆಟ್ಟಿಗೆಯಲ್ಲಿಟ್ಟು, ತೆರೆದಿಟ್ಟ ಪುಟವನ್ನು ಆಗಾಗ ಬದಲಾಯಿಸಬೇಕು. ಕಿಟಕಿಯ ಪಕ್ಕವಂತೂ ಬೇಡವೇ ಬೇಡ.

ಪ್ರದರ್ಶನದ ಜೊತೆಗೆ ಕಾರ್ಯಕ್ರಮವನ್ನೂ ಯೋಜಿಸಿದ್ದರೆ, ಭಾಷಣಕ್ಕಿಂತ ದತ್ತಸಂಚಯಗಳಲ್ಲಿ (ಡೇಟಾಬೇಸ್) ಲೇಖನ ಹುಡುಕುವ ತರಬೇತಿಯನ್ನು, ಅದೂ ಪ್ರಬಂಧ ಸಲ್ಲಿಕೆಗೆ ಕೆಲವು ವಾರ ಮುಂಚೆ, ಇಟ್ಟುಕೊಳ್ಳಿ.